ಮೆಟ್ಟುಗತ್ತಿಯ ಮುಂದೆ ಕೂತವರು



ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಕೊನೆಕೊಯ್ಲು ಶುರುವಾದರೆ ಅಂಗಳದ ದೀಪ ರಾತ್ರಿಯೂ ಬೇಗ ಆರುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಹಸಿ ಅಡಿಕೆ ಸುಲಿಯುತ್ತಾರೆ. ಚೊಗರಿಗೆ ಬೆರಳೆಲ್ಲ ಕಪ್ಪು. ಸುಲಿದ ಅಳತೆಗೆ ಕೂಲಿ. ಹಗಲಲ್ಲಿ ಮರದಿಂದ ಮರಕ್ಕೆ ಬಾಗಿ ದಾಟುತ್ತ ಅಡಿಕೆಗೊನೆ ಕೊಯ್ಯುವ ಕೊನೆಗೌಡನಿಗೆ ಜೀವ ಕೈಯಲ್ಲೇ.

ಧರಣಿ ಕೂರೋಣವೆಂದರೆ ಇವರಿಗೆ ಕಾರ್ಖಾನೆಯ ಗೇಟಿಲ್ಲ. ಒಬ್ಬೊಬ್ಬರು ಒಂದೊಂದು ತೋಟದಲ್ಲಿ. ಆದರೂ ಒಗ್ಗಟ್ಟು ಸಾಧ್ಯವೆಂದು ತೋರಿಸಿದವರು ನಮ್ಮ ಸೀಮೆಯ ಸಿದ್ದಿಗಳು. ಆಫ್ರಿಕಾದಿಂದ ಬಂದವರ ವಂಶಸ್ಥರು ಇವರು. ಆ ಪೂರ್ವಿಕರಲ್ಲಿ ಹಲವರನ್ನು ಗುಲಾಮರಾಗಿ ತಂದಿದ್ದರು. ಹಿಂದೂ, ಕ್ರೈಸ್ತ, ಮುಸ್ಲಿಂ ಎಂದು ಮೂರು ಧರ್ಮ. ಬದುಕು ಮಾತ್ರ ಹೆಚ್ಚಿನವರದು ಒಂದೇ: ಬೇರೆಯವರ ತೋಟದ ಕೂಲಿ, ತೀರದ ಸಾಲ. ಧರ್ಮದ ಗೆರೆ ದಾಟಿ 1984ರಲ್ಲಿ ತಮ್ಮದೇ ಸಂಘ ಕಟ್ಟಿದರು. ಪಟ್ಟುಬಿಡದೆ ಕೇಳಿ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಇದು ದೊಡ್ಡ ಗೆಲುವೆಂದೇ ನನ್ನ ಎಣಿಕೆ.

ಕೊನೆಗೌಡನಿಗೆ ಮಾತ್ರ ಇವತ್ತಿಗೂ ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಈ ಸಲ ಕೊಯ್ಲಿಗೆ ಮೊದಲೇ ತೋಟದವರೂ ಕೆಲಸದವರೂ ಒಟ್ಟಿಗೆ ಕೂತು ವಿಮೆಯ ಮಾತಾಡಲಿ, ಕಂತು ಯಾರು ಕಟ್ಟಬೇಕೆಂಬುದೂ ಸೇರಿ.