ಕಲ್ಲಾದ ಕವಡೆಗೆ ಹೆಸರಿಡುವುದು ಹೇಗೆ?



ಚೌಕಾಬಾರದಲ್ಲಿ ನಾವು ಎಸೆಯುವ ಕವಡೆ ಕಡಲ ಬಸವನಹುಳುವೊಂದರ ಚಿಪ್ಪು. 1758ರಲ್ಲಿ ಲಿನೇಯಸ್ ಅವರು ತಮಗೆ ತಿಳಿದ ಕವಡೆಗಳನ್ನೆಲ್ಲ ಸಿಪ್ರಿಯ ಎಂಬ ಒಂದೇ ಜಾತಿಯಲ್ಲಿ ಸೇರಿಸಿದರು. ಮುಂದೆ ವಿಜ್ಞಾನಿಗಳು ಅದನ್ನು ಹಲವು ಜಾತಿಗಳಾಗಿ ವಿಂಗಡಿಸಿದರು.

ಈಗ ಬದುಕಿರುವ ಕವಡೆಗಳನ್ನು ಗುರುತಿಸಲು ಬಣ್ಣ, ಚುಕ್ಕೆ, ಮೃದು ದೇಹ, ಡಿ.ಎನ್.ಎ. ಎಲ್ಲವೂ ನೆರವಾಗುತ್ತವೆ. ಆದರೆ ಪಳೆಯುಳಿಕೆಯಲ್ಲಿ ಮೃದು ದೇಹ ಉಳಿದಿರುವುದಿಲ್ಲ; ಬಣ್ಣವೂ ಸಾಮಾನ್ಯವಾಗಿ ಮಾಸಿರುತ್ತದೆ. ಆಗ ಚಿಪ್ಪಿನ ಆಕಾರವೇ ಆಧಾರ. ಅದರ ಉದ್ದ, ಅಗಲ, ಎತ್ತರಗಳನ್ನು ಅಳೆಯುತ್ತಾರೆ. ಅಡಿಯಲ್ಲಿರುವ ಸೀಳುಬಾಯಿಯ ಎರಡೂ ಅಂಚುಗಳ ಹಲ್ಲುಗಳನ್ನು ಎಣಿಸುತ್ತಾರೆ.

ಇಲ್ಲೊಂದು ಎಚ್ಚರ ಬೇಕು. ಎಳೆಯ ಕವಡೆಯ ಚಿಪ್ಪು ತೆಳು. ಸುರುಳಿ ಹೊರಗೆ ಕಾಣುತ್ತದೆ, ಬಾಯಿ ಅಗಲ, ಹಲ್ಲುಗಳಿಲ್ಲ. ಬೆಳೆದ ಮೇಲೆ ತುಟಿ ಒಳಮಡಿಚಿ ಹಲ್ಲುಗಳು ಮೂಡುತ್ತವೆ. ಇದನ್ನು ಅರಿಯದಿದ್ದರೆ ಒಂದೇ ಪ್ರಭೇದದ ಮರಿಗೊಂದು, ತಾಯಿಗೊಂದು ಹೆಸರು ಬಿದ್ದೀತು!

1867ರಲ್ಲಿ ಮೆಲ್ಬರ್ನ್‌ನ ವಿಜ್ಞಾನಿ ಫ್ರೆಡರಿಕ್ ಮೆಕಾಯ್ ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ದೊರೆತ ಭಾರಿ ಕವಡೆಯ ಪಳೆಯುಳಿಕೆಗೆ ಸಿಪ್ರಿಯ ಗೈಗಸ್ ಎಂದು ಹೆಸರಿಟ್ಟರು. ಗೈಗಸ್ ಎಂದರೆ ದೈತ್ಯ. ಮುಂದೆ ಜಾತಿಯ ಹೆಸರು ಬದಲಾಯಿತು, ಗೈಗಸ್ ಉಳಿಯಿತು. ನಿಯಮವೇ ಹಾಗಿದೆ.

ಹೊಸ ಪ್ರಭೇದವನ್ನು ವರ್ಣಿಸುವವರು ಒಂದು ಚಿಪ್ಪನ್ನು ಮಾದರಿಯೆಂದು ಆರಿಸಿ ಸಂಗ್ರಹಾಲಯದಲ್ಲಿ ಇರಿಸುತ್ತಾರೆ. ಸಂದೇಹ ಬಂದಾಗ ಅದರೊಡನೆ ಹೋಲಿಸಬಹುದು. ಅದು ಸಿಕ್ಕ ಸ್ಥಳ, ಶಿಲಾಪದರಗಳನ್ನೂ ದಾಖಲಿಸುತ್ತಾರೆ. ಏಕೆಂದರೆ ಪದರದ ವಯಸ್ಸನ್ನು ಅಂದಾಜು ಮಾಡಲು ಇಂಥ ಪಳೆಯುಳಿಕೆಗಳೂ ಸಾಕ್ಷಿ. ಹೆಸರು ತಪ್ಪಿದರೆ ಕಾಲದ ಲೆಕ್ಕವೂ ತಪ್ಪೀತು. ಪಳೆಯುಳಿಕೆ ಕಂಡರೆ ಮೊದಲು ಸ್ಥಳವನ್ನು ಬರೆದಿಡಿ. ವಿಳಾಸವಿಲ್ಲದ ಪಳೆಯುಳಿಕೆ ಅರ್ಧ ಮೂಕ.