‘ಲುಕ್ ಡೌನ್ ಆನ್’ ಎಂದರೆ ಕೆಳಗೆ ನೋಡುವುದಲ್ಲ



ನಿಮ್ಮ ಮಕ್ಕಳ ಇಂಗ್ಲಿಷ್ ಪಾಠದಲ್ಲಿ ‘ಲುಕ್ ಡೌನ್ ಆನ್’ ಎಂಬ ಮಾತು ಬಂದೇ ಬರುತ್ತದೆ. ‘ಲುಕ್’ ಎಂದರೆ ನೋಡು, ‘ಡೌನ್’ ಎಂದರೆ ಕೆಳಗೆ ಎಂದು ಕೂಡಿಸಿ ಹೇಳಿಕೊಟ್ಟರೆ ಅರ್ಥ ತಲೆಕೆಳಗಾದೀತು. ಕನ್ನಡದಲ್ಲಿ ಕೆಳಗೆ ನೋಡುವವನು ನಾಚಿದವನು, ಇಲ್ಲವೇ ತಪ್ಪು ಮಾಡಿ ತಲೆ ತಗ್ಗಿಸಿದವನು. ಇಂಗ್ಲಿಷಿನವರಿಗೆ ಈ ಮಾತು ಇನ್ನೊಬ್ಬರನ್ನು ತನಗಿಂತ ಕೀಳೆಂದು ಕಾಣುವುದು. ಅವರ ಸೊಕ್ಕಿನವನು ಮೆಟ್ಟಿಲ ಮೇಲೆ ನಿಂತು ನೋಡುತ್ತಾನೆ. ನಮ್ಮವನಿಗೋ ಕಣ್ಣು ನೆತ್ತಿಗೇರಿರುತ್ತದೆ. ಎದುರಿಗೆ ಬಂದವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ!

ಕೊನೆಯ ‘ಆನ್’ ಬಿಡಬೇಡಿ. ‘ಲುಕ್ ಡೌನ್ ಅಟ್’ ಎಂದರೆ ಸುಮ್ಮನೆ ಕೆಳಗಿರುವುದನ್ನು ನೋಡುವುದು, ಮಹಡಿಯಿಂದ ಗಾಂಧಿ ಬಜಾರಿನ ಹೂವಿನ ಬುಟ್ಟಿಗಳನ್ನು ನೋಡಿದ ಹಾಗೆ. ಮನುಷ್ಯರ ಮಾತಿನಲ್ಲಿ ‘ಆನ್’ ಬಂತೆಂದರೆ ತಾತ್ಸಾರವೂ ಬಂತೆಂದೇ ತಿಳಿಯಿರಿ. ಇದರ ಎದುರು ಮಾತು ‘ಲುಕ್ ಅಪ್ ಟು’, ಅಂದರೆ ಗೌರವದಿಂದ ಕಾಣುವುದು.

‘ಲುಕ್ ಡೌನ್ ಆನ್’ಗೆ ಕೆಲವರು ‘ಕಡೆಗಣಿಸು’ ಎಂದು ಬರೆಯುತ್ತಾರೆ. ಅದು ಸಾಲದು. ಕಡೆಗಣಿಸು ಎಂಬುದು ಕಡೆಗಣ್ಣಿನಿಂದ ಬಂದದ್ದು, ಲಕ್ಷ್ಯ ಕೊಡದಿರುವುದು. ಕಡೆಗಣಿಸುವವನು ನಿಮ್ಮನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕೀಳಾಗಿ ಕಾಣುವವನು ನೋಡಿದ್ದಾನೆ, ಅಳೆದಿದ್ದಾನೆ, ತೀರ್ಪನ್ನೂ ಕೊಟ್ಟಿದ್ದಾನೆ.

ಈ ಎರಡರ ವ್ಯತ್ಯಾಸ ನಮ್ಮ ಊರಿನಲ್ಲೇ ಕಾಣುತ್ತದೆ. ಮಲ್ಲೇಶ್ವರದ ಅಂಗಡಿಯಲ್ಲಿ ನೀವು ಕನ್ನಡದಲ್ಲಿ ಬೆಲೆ ಕೇಳಿದಿರಿ, ನಿನ್ನೆ ಮೊನ್ನೆ ಕೆಲಸಕ್ಕೆ ಬಂದ ಹುಡುಗ ಕನ್ನಡ ಬಾರದೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಕಲಿಸದೆ ಅವನನ್ನು ನಿಲ್ಲಿಸಿದ ಮಾಲೀಕ ಮಾಡಿದ್ದು ಕಡೆಗಣನೆ. ಹತ್ತು ಮಾತು ಕಲಿಸಿದರೆ ಹೋಗುವ ರೋಗ. ಆದರೆ ಬಸವನಗುಡಿಯಲ್ಲೇ ಹುಟ್ಟಿ ಬೆಳೆದ ತಾಯಿತಂದೆ, ನೆಂಟರ ಎದುರು ಮಗು ಕನ್ನಡದಲ್ಲಿ ಬಾಯಿಬಿಟ್ಟರೆ ಕಣ್ಣಲ್ಲೇ ಗದರುತ್ತಾರಲ್ಲ, ಅದು ಕೀಳಾಗಿ ಕಾಣುವುದು. ಅದಕ್ಕೆ ಯಾವ ನಾಮಫಲಕದ ಕಾನೂನು ಮದ್ದಾದೀತು?

ಇಂಗ್ಲಿಷ್ ಓದಿದ್ದರಿಂದಲೇ ಹೀಗೆ ಎನ್ನುವವರಿಗೆ ಬಿ.ಎಂ. ಶ್ರೀಕಂಠಯ್ಯನವರನ್ನು ತೋರಿಸಬೇಕು. ಅವರು ಸೆಂಟ್ರಲ್ ಕಾಲೇಜಿನಲ್ಲಿ ಕಲಿಸಿದ್ದು ಇಂಗ್ಲಿಷನ್ನೇ. 1911ರಲ್ಲಿ ಧಾರವಾಡಕ್ಕೆ ಹೋಗಿ ಅವರು ಮಾಡಿದ ಭಾಷಣದ ಹೆಸರು ‘ಕನ್ನಡ ಮಾತು ತಲೆಯೆತ್ತುವ ಬಗೆ’. ಇಂಗ್ಲಿಷ್ ಕವಿತೆಗಳ ಬಗ್ಗೆ ಅವರಿಗೆ ಅಪಾರ ಗೌರವ. ಅವನ್ನು ಕನ್ನಡಕ್ಕೆ ತಂದು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದರು. ಆಮೇಲೆ ನಮ್ಮ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಹೊಣೆಯನ್ನೂ ಹೊತ್ತರು.