ಮನೆಯ ದೀಪ: ಕಡಿಮೆ ಖರ್ಚಿನ ಬಲ್ಬು ಕೊಳ್ಳುವ ಬಗೆ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ಸ್ಥಳದಲ್ಲಿ ನಿಂತು ಸಾಹಿತಿಗಳು ಮಾತನಾಡಿದ್ದಾರೆ, ಪ್ರಾಧ್ಯಾಪಕರು ಮಾತನಾಡಿದ್ದಾರೆ. ನಾನು ಭಿವಂಡಿ ಕಡೆಯ ಒಂದು ಬಟ್ಟೆ ಗಿರಣಿಯ ಗುಮಾಸ್ತ, ಓದಿದ್ದು ಮೆಟ್ರಿಕ್‌ವರೆಗೆ. ಹಗಲು ನೂಲಿನ ಲೆಕ್ಕ ಬರೆಯುವುದು, ಸಂಜೆ ಇಲ್ಲಿ ಬಂದು ಪತ್ರಿಕೆಗಳನ್ನು ಜೋಡಿಸಿಡುವುದು, ಇಷ್ಟೇ ನನ್ನ ಕೆಲಸ. ಇಂಥವನಿಗೆ ಭಾಷಣದ ಯೋಗ್ಯತೆ ಎಲ್ಲಿಂದ ಬಂತು ಎಂದು ತಾವು ಕೇಳಬಹುದು. ಯೋಗ್ಯತೆಯಿಂದ ಬಂದುದಲ್ಲ, ತಪ್ಪಿನಿಂದ ಬಂದುದು. ಆ ತಪ್ಪನ್ನು ಮೊದಲು ಒಪ್ಪಿಕೊಂಡು ಆಮೇಲೆ ವಿಷಯಕ್ಕೆ ಬರುತ್ತೇನೆ.

ಹೋದ ಮಳೆಗಾಲಕ್ಕೆ ಮುಂಚೆ ನಮ್ಮ ವಾಚನಾಲಯದ ದೀಪಗಳು ಒಂದೊಂದಾಗಿ ಕೆಟ್ಟುವು. ಕಾರ್ಯದರ್ಶಿಗಳು ನನ್ನ ಕೈಗೆ 600 ರೂಪಾಯಿ ಕೊಟ್ಟು, "ವಿದ್ಯುತ್ತು ಕಡಿಮೆ ತಿನ್ನುವ ಆರು ಬಲ್ಬು ತನ್ನಿ" ಎಂದರು. ಸ್ಟೇಷನ್ನಿನ ಹೊರಗೆ ಕೈಗಾಡಿಯ ಮೇಲೆ ಎಲ್.ಇ.ಡಿ. ಬಲ್ಬುಗಳ ರಾಶಿ ಕಂಡಿತು. ಒಂದಕ್ಕೆ 40 ರೂಪಾಯಿ. ಡಬ್ಬಿಯ ಮೇಲೆ "12 ವ್ಯಾಟ್" ಎಂದು ದಪ್ಪಕ್ಷರ. ಆರು ಕೊಂಡು, ಉಳಿದ 360 ರೂಪಾಯಿಯನ್ನು ಹಿಂದಿರುಗಿಸಿದೆ. ಸಂಘದ ಹಣ ಉಳಿಸಿದನೆಂದು ಎಲ್ಲರೂ ಮೆಚ್ಚಿದರು. ನನಗೂ ಒಳಗೊಳಗೆ ಹಿಗ್ಗಾಯಿತು.

ಒಂದು ತಿಂಗಳಲ್ಲಿ ಎರಡು ಬಲ್ಬು ಹೋದುವು. ಮೂರನೆಯದು ಮಂಕಾಯಿತು. ಪ್ರತಿದಿನ ಸಂಜೆ ತಪ್ಪದೆ ಬರುವ ಧಾರವಾಡದ ಕಡೆಯ ಅಜ್ಜ ಒಬ್ಬರು, "ತಮ್ಮಾ, ಅಕ್ಷರ ನಡಗತಾವಲ್ಲೋ" ಎಂದರು. ನಾನು ಅವರ ವಯಸ್ಸನ್ನು ದೂರಿ, ಕನ್ನಡಕ ಬದಲಿಸಿರೆಂದು ಬುದ್ಧಿ ಹೇಳಿದೆ. ಆಮೇಲೆ ಒಬ್ಬ ಹುಡುಗ ತನ್ನ ಮೊಬೈಲಿನ ಕ್ಯಾಮೆರಾವನ್ನು ಆ ದೀಪಕ್ಕೆ ಹಿಡಿದು ತೋರಿಸಿದ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡುತ್ತಿದ್ದುವು. ಅಜ್ಜನ ಕಣ್ಣು ಸರಿಯಾಗಿಯೇ ಇತ್ತು. ನಾನು ತಂದ ದೀಪವೇ ನಡುಗುತ್ತಿತ್ತು.

ಇನ್ನೊಂದು ಬಲ್ಬು ಸ್ವಿಚ್ಚು ಆರಿಸಿದ ಮೇಲೂ ಮಿಣುಕು ಹುಳದ ಹಾಗೆ ಸಣ್ಣಗೆ ಹೊಳೆಯುತ್ತಿತ್ತು. ನಾವು ಅದನ್ನು ನೋಡಿ ನಗುತ್ತಿದ್ದೆವು. ಒಂದು ಸಂಜೆ, ಇಲ್ಲಿ ಬಾಗಿಲು ತೆಗೆದು ಕಸ ಗುಡಿಸುವ ನಮ್ಮ ಉಡುಪಿ ಕಡೆಯ ಹುಡುಗ ಅದನ್ನು ಬದಲಿಸಲು ಸ್ಟೂಲು ಹತ್ತಿದ. ಹಿಡಿದು ತಿರುಗಿಸುವಾಗ ಬಲ್ಬಿನ ಬಿಳಿಯ ಬುರುಡೆ ಕಳಚಿ ಕೈಗೆ ಬಂತು. ಬೆರಳು ಒಳಗಿನ ತಗಡಿಗೆ ತಾಗಿತು. ಶಾಕ್ ಹೊಡೆದು ಹುಡುಗ ಕೆಳಗೆ ಬಿದ್ದ. ಪುಣ್ಯಕ್ಕೆ ಮಣಿಕಟ್ಟು ಊದಿದ್ದರಲ್ಲೇ ಮುಗಿಯಿತು. "ಸ್ವಿಚ್ಚು ಆಫ್ ಮಾಡಿಯೇ ಹತ್ತಿದ್ದೆ ಅಣ್ಣ" ಎಂದು ಅವನು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಅವನು ಹೇಳಿದ್ದು ನಿಜ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಕಾರ್ಯದರ್ಶಿಗಳು ನನ್ನನ್ನು ಬಯ್ಯಲಿಲ್ಲ. "ಬಿಲ್ಲು ಇದೆಯೆ?" ಎಂದು ಮಾತ್ರ ಕೇಳಿದರು. ಇರಲಿಲ್ಲ. ಕೈಗಾಡಿಯೂ ಅಲ್ಲಿರಲಿಲ್ಲ. ಅಂದಿನಿಂದ ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ನನ್ನ ಗುಮಾಸ್ತಗಿರಿಯ ಲೆಕ್ಕಕ್ಕೆ ಹಚ್ಚಿ ನೋಡಿದೆ. ಅದನ್ನೇ ತಮ್ಮ ಮುಂದೆ ಇಡುತ್ತೇನೆ.

ಮಹನೀಯರೆ, ವಿದ್ಯುದ್ದೀಪ ಕನ್ನಡಿಗರಿಗೆ ಹೊಸತಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕಾಯಿತು. ಅಂದಿನ ಬಲ್ಬು ತಂತಿಯ ಬಲ್ಬು. ತಂತಿ ಕಾದು ಕೆಂಪಾಗಿ, ಬೆಳ್ಳಗಾಗಿ ಬೆಳಗುತ್ತದೆ. ಅದರಲ್ಲಿ ನೂರು ಪಾಲು ವಿದ್ಯುತ್ತು ಸುರಿದರೆ ಬೆಳಕಾಗುವುದು ಐದು ಪಾಲಿನಷ್ಟು ಮಾತ್ರ, ಉಳಿದುದೆಲ್ಲ ಬಿಸಿ. ಹತ್ತು ಅಡಿಯ ಖೋಲಿಯಲ್ಲಿ ಮೇ ತಿಂಗಳಲ್ಲಿ ಅಂಥ ಬಲ್ಬಿನ ಕೆಳಗೆ ಅಡಿಗೆ ಮಾಡುವ ನಮ್ಮ ತಾಯಂದಿರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ಸುರುಳಿಯಾಕಾರದ ಸಿ.ಎಫ್.ಎಲ್. ಬಂತು. ಅದರಲ್ಲಿ ಉಳಿತಾಯವೇನೋ ಇತ್ತು, ಆದರೆ ಒಳಗೆ ಪಾದರಸದ ಅಂಶವೂ ಇತ್ತು. ಇಂದಿಗೂ ಮನೆಯಲ್ಲಿದ್ದು ಒಡೆದರೆ, ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಆಮೇಲೆ ರಟ್ಟಿನಿಂದ ಚೂರುಗಳನ್ನು ಬಳಿಯಿರಿ, ಬರಿಗೈಯಲ್ಲಿ ಮುಟ್ಟಬೇಡಿ.

ಎಲ್.ಇ.ಡಿ.ಯಲ್ಲಿ ಕಾಯುವ ತಂತಿಯಿಲ್ಲ, ಪಾದರಸವಿಲ್ಲ. ಅಕ್ಕಿಕಾಳಿನಷ್ಟು ಚಿಕ್ಕ ಬಿಲ್ಲೆಗಳೇ ಬೆಳಕು ಕೊಡುತ್ತವೆ. ನೀಲಿ ಬೆಳಕಿನ ಎಲ್.ಇ.ಡಿ. ಕಂಡುಹಿಡಿದುದರಿಂದ ಬಿಳಿಯ ದೀಪ ಸಾಧ್ಯವಾಯಿತು. ಅದಕ್ಕಾಗಿ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಈಗ ಲೆಕ್ಕಕ್ಕೆ ಬರೋಣ. ಮೀಟರಿನ ಒಂದು ಯೂನಿಟ್ಟು ಎಂದರೆ 1000 ವ್ಯಾಟು ಒಂದು ಗಂಟೆ ಉರಿದ ಲೆಕ್ಕ. 60 ವ್ಯಾಟಿನ ತಂತಿ ಬಲ್ಬು ಕೊಡುವ ಬೆಳಕನ್ನು 9 ವ್ಯಾಟಿನ ಒಳ್ಳೆಯ ಎಲ್.ಇ.ಡಿ. ಕೊಡುತ್ತದೆ. ಯೂನಿಟ್ಟಿಗೆ 6 ರೂಪಾಯಿ, ಬಲ್ಬಿಗೆ 100 ರೂಪಾಯಿ ಎಂದು ಲೆಕ್ಕದ ಮಟ್ಟಿಗೆ ಹಿಡಿಯಿರಿ. ತಮ್ಮ ತಮ್ಮ ದರವನ್ನು ಬಿಲ್ಲಿನಲ್ಲಿ ನೋಡಿಕೊಳ್ಳಬಹುದು.

ದಿನಕ್ಕೆ 5 ಗಂಟೆ ಉರಿಯುವ ಅಡಿಗೆಯ ದೀಪ: ತಂತಿ ಬಲ್ಬಿಗೆ ತಿಂಗಳಿಗೆ 9 ಯೂನಿಟ್ಟು, ಎಲ್.ಇ.ಡಿ.ಗೆ 1.35. ಉಳಿತಾಯ ತಿಂಗಳಿಗೆ ಸುಮಾರು 46 ರೂಪಾಯಿ. ಎರಡು ತಿಂಗಳು ಕಳೆದು ಕೆಲವು ದಿನಗಳಲ್ಲೇ ಬಲ್ಬಿನ ಬೆಲೆ ತೀರಿತು.

ರಾತ್ರಿಯಿಡೀ, ಅಂದರೆ 12 ಗಂಟೆ ಉರಿಯುವ ಚಾಳಿನ ಪಡಸಾಲೆಯ ದೀಪ: ತಂತಿ ಬಲ್ಬಿಗೆ 21.6 ಯೂನಿಟ್ಟು, ಎಲ್.ಇ.ಡಿ.ಗೆ 3.24. ಉಳಿತಾಯ ತಿಂಗಳಿಗೆ ಸುಮಾರು 110 ರೂಪಾಯಿ. ಒಂದೇ ತಿಂಗಳಲ್ಲಿ ಬೆಲೆ ತೀರಿತು.

ದಿನಕ್ಕೆ ಅರ್ಧ ಗಂಟೆ ಉರಿಯುವ ಬಚ್ಚಲಿನ ದೀಪ: ಉಳಿತಾಯ ತಿಂಗಳಿಗೆ ಐದು ರೂಪಾಯಿಗೂ ಕಡಿಮೆ. ಬೆಲೆ ತೀರಲು ಎರಡು ವರ್ಷದ ಹತ್ತಿರ ಬೇಕು.

ಇದರಿಂದ ತಿಳಿಯುವುದೇನು? ಎಲ್ಲ ಬಲ್ಬುಗಳನ್ನೂ ಒಂದೇ ದಿನ ಬದಲಿಸಬೇಕಾಗಿಲ್ಲ. ಯಾವುದು ಹೆಚ್ಚು ಹೊತ್ತು ಉರಿಯುತ್ತದೆಯೋ ಅದು ಮೊದಲು. ಸಂಬಳದ ವಾರದಲ್ಲಿ ಒಂದು, ಮುಂದಿನ ತಿಂಗಳು ಇನ್ನೊಂದು. ಮೊದಲನೆಯ ಬಲ್ಬು ಉಳಿಸಿದ ಹಣವೇ ಎರಡನೆಯದನ್ನು ಕೊಳ್ಳಲು ಒದಗುತ್ತದೆ.

ಇನ್ನು ನನ್ನ 40 ರೂಪಾಯಿಯ ಬಲ್ಬಿನ ಲೆಕ್ಕ ನೋಡಿ. ಆರಕ್ಕೆ 240 ರೂಪಾಯಿ ಹೋಯಿತು. ಹೊಸದಾಗಿ ಆರು ಕೊಳ್ಳಲು 600 ಬೇಕಾಯಿತು. 360 ಉಳಿಸಿದೆನೆಂದು ಹೊಗಳಿಸಿಕೊಂಡವನು ಸಂಘಕ್ಕೆ ಮಾಡಿದ್ದು 240ರ ನಷ್ಟ. ಹುಡುಗನ ಕೈನೋವಿಗೆ ಲೆಕ್ಕವೇ ಇಲ್ಲ. ಒಳ್ಳೆಯ ಎಲ್.ಇ.ಡಿ. ಬಲ್ಬು 15,000 ಗಂಟೆ, 25,000 ಗಂಟೆ ಬಾಳುವಂತೆ ಮಾಡಿದ್ದು. ತಂತಿ ಬಲ್ಬಿನ ಆಯುಸ್ಸು 1000 ಗಂಟೆಯಷ್ಟೆ. ಹಾಗೆ ಬಾಳಿದರೆ ಮಾತ್ರ ಅದು ಅಗ್ಗ. ಅಂಗಡಿಯಲ್ಲಿ ಕೊಟ್ಟ ಹಣ ಬೆಲೆಯ ಒಂದು ಭಾಗ. ಉಳಿದ ಭಾಗವನ್ನು ಮೀಟರು ವಸೂಲು ಮಾಡುತ್ತದೆ.

ಹಾಗಾದರೆ ಅಂಗಡಿಯಲ್ಲಿ ನೋಡಬೇಕಾದುದೇನು?

ಮೊದಲನೆಯದು, ಲ್ಯೂಮೆನ್. ವ್ಯಾಟ್ ಎಂಬುದು ಬಲ್ಬು ತಿನ್ನುವ ವಿದ್ಯುತ್ತು. ಲ್ಯೂಮೆನ್ ಎಂಬುದು ಅದು ಕೊಡುವ ಬೆಳಕು. ಹೆಚ್ಚು ತಿನ್ನುವ ಎತ್ತೇ ಹೆಚ್ಚು ಉಳುತ್ತದೆಂಬ ನಿಯಮವಿಲ್ಲ. 9 ವ್ಯಾಟಿನ ಬಲ್ಬಿಗೆ 800ರಿಂದ 900 ಲ್ಯೂಮೆನ್ ಇದ್ದರೆ ಒಳ್ಳೆಯದು. ಡಬ್ಬಿಯ ಮೇಲೆ ಲ್ಯೂಮೆನ್ ಬರೆದೇ ಇಲ್ಲದಿದ್ದರೆ ಅದನ್ನು ಹಿಂದಕ್ಕೆ ಇಡಿ.

ಎರಡನೆಯದು, ಭಾರತೀಯ ಮಾನಕ ಬ್ಯೂರೋದ ಗುರುತು. ಡಬ್ಬಿಯ ಮೇಲೆ ಐ.ಎಸ್. 16102 ಎಂಬ ಸಂಖ್ಯೆಯೂ, ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಸಂಶಯವಿದ್ದರೆ ಬಿ.ಐ.ಎಸ್. ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡಬಹುದು. ಇದರ ಜೊತೆಗೆ ನಕ್ಷತ್ರಗಳ ಚೀಟಿ. ಒಂದು ವ್ಯಾಟಿಗೆ ಹೆಚ್ಚು ಬೆಳಕು ಕೊಟ್ಟಷ್ಟೂ ನಕ್ಷತ್ರ ಹೆಚ್ಚು.

ಮೂರನೆಯದು, ಬಿಲ್ಲು ಮತ್ತು ಗ್ಯಾರಂಟಿ. ಬಲ್ಬಿನ ಕುತ್ತಿಗೆಯ ಮೇಲೆ ಕೊಂಡ ತಾರೀಖನ್ನು ಪೆನ್ನಿನಿಂದ ಬರೆದಿಡಿ. ಅಂಗಡಿಯಲ್ಲೇ ಉರಿಸಿ, ಮೊಬೈಲಿನ ಕ್ಯಾಮೆರಾ ಹಿಡಿದು ನೋಡಿ. ದಪ್ಪ ಕಪ್ಪು ಪಟ್ಟೆಗಳು ಓಡಿದರೆ ಆ ದೀಪ ಓದುವ ಮಕ್ಕಳಿಗೆ ಬೇಡ.

ಮನೆಗೆ ತಂದ ಮೇಲೂ ಜಾಗ್ರತೆ ಬೇಕು. ಎಲ್.ಇ.ಡಿ.ಯ ಶತ್ರು ಬಿಸಿ. ಗಾಳಿಯಾಡದ ಗಾಜಿನ ಗುಮ್ಮಟದೊಳಗೆ ಅದನ್ನು ಮುಚ್ಚಿಟ್ಟರೆ ಬೇಗ ಸಾಯುತ್ತದೆ. ಹೋಲ್ಡರು ಸಡಿಲವಾಗಿ ಚಿಟಿಚಿಟಿ ಎನ್ನುತ್ತಿದ್ದರೆ ಹೊಸ ಬಲ್ಬು ಹಾಕುವ ಮೊದಲು ಹೋಲ್ಡರು ಬದಲಿಸಿ.

ಈಗ ಆ ಹುಡುಗನಿಗೆ ಶಾಕ್ ಹೊಡೆದ ಕಾರಣ. ಸ್ವಿಚ್ಚು ಇರಬೇಕಾದುದು ಫೇಸ್ ತಂತಿಯಲ್ಲಿ. ನಮ್ಮ ಹಳೆಯ ವೈರಿಂಗಿನಲ್ಲಿ ಯಾರೋ ಅದನ್ನು ನ್ಯೂಟ್ರಲ್ ತಂತಿಗೆ ಕೂಡಿಸಿದ್ದರು. ಹಾಗಾಗಿ ಸ್ವಿಚ್ಚು ಆರಿಸಿದರೂ ಹೋಲ್ಡರಿನಲ್ಲಿ ವಿದ್ಯುತ್ತು ನಿಂತೇ ಇತ್ತು. ಆರಿದ ಬಲ್ಬು ಮಿಣುಕುತ್ತಿದ್ದುದು ನಮಗೆ ಅದನ್ನೇ ಹೇಳುತ್ತಿತ್ತು, ನಾವು ನಕ್ಕೆವು. ಸ್ವಿಚ್ಚಿನಲ್ಲಿ ಪುಟ್ಟ ಸೂಚನಾ ದೀಪವಿದ್ದರೂ ಹೀಗೆ ಮಿಣುಕುವುದುಂಟು. ಆದರೆ ಯಾವುದೆಂದು ನಾವೇ ಊಹಿಸಬಾರದು, ತಿಳಿದ ವೈರ್‌ಮನ್ನನನ್ನು ಕರೆದು ತೋರಿಸಬೇಕು. ಬಲ್ಬು ಬದಲಿಸುವಾಗ ಮೇನ್ ಸ್ವಿಚ್ಚನ್ನೇ ಆರಿಸಿ. ಬುರುಡೆ ಸಡಿಲವಾದ ಬಲ್ಬನ್ನು ಅಂಟು ಹಾಕಿ ಉಪಯೋಗಿಸಬೇಡಿ. ಹತ್ತು ರೂಪಾಯಿಗೆ ರಿಪೇರಿ ಮಾಡಿಕೊಡುತ್ತೇನೆಂಬವರ ಬಲ್ಬು ಮಕ್ಕಳಿರುವ ಮನೆಗೆ ತರಬೇಡಿ.

"ನಮ್ಮದು ಬಾಡಿಗೆ ಖೋಲಿ, ಮಾಲೀಕರು ಒಂದು ದೀಪಕ್ಕೆ ಇಂತಿಷ್ಟು ಎಂದು ಹಣ ಹಿಡಿಯುತ್ತಾರೆ. ನಾವು ಉಳಿಸಿದರೆ ಲಾಭ ಅವರಿಗೆ" ಎಂದು ಕೆಲವರು ಹೇಳುವುದುಂಟು. ಆ ಮಾತು ಸುಳ್ಳಲ್ಲ. ಅಂಥವರು ಈ ಲೆಕ್ಕವನ್ನೇ ಕಾಗದದ ಮೇಲೆ ಬರೆದು ಮಾಲೀಕರ ಮುಂದಿಟ್ಟು, ಹಿಡಿಯುವ ಹಣವನ್ನು ಇಳಿಸಿರೆಂದು ವಿನಯದಿಂದ ಕೇಳಬೇಕು. ಒಬ್ಬರು ಕೇಳುವುದಕ್ಕಿಂತ ನಾಲ್ಕು ಖೋಲಿಯವರು ಕೂಡಿ ಕೇಳುವುದು ಮೇಲು. ಖೋಲಿ ಬಿಡುವಾಗ ತಾವು ಕೊಂಡ ಬಲ್ಬನ್ನು ತಾವೇ ಕೊಂಡೊಯ್ಯಬಹುದು.

ಕೂಡಿ ಮಾಡುವುದರ ಬಲಕ್ಕೆ ಈ ಬಲ್ಬಿನ ಚರಿತ್ರೆಯೇ ಸಾಕ್ಷಿ. 2015ರ ಜನವರಿ 5ರಂದು ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದನ್ನು "ಹೊಸ ಬೆಳಕು" ಎಂದು ಕರೆದರು. ಇ.ಇ.ಎಸ್.ಎಲ್. ಎಂಬ ಸರ್ಕಾರಿ ಸಂಸ್ಥೆ ದೇಶಕ್ಕೆಲ್ಲ ಒಟ್ಟಾಗಿ ಟೆಂಡರು ಕರೆದು ಬಲ್ಬು ಕೊಂಡಿತು. 2014ರಲ್ಲಿ ಒಂದಕ್ಕೆ 310 ರೂಪಾಯಿ ಇದ್ದ ಸಗಟು ದರ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. 36 ಕೋಟಿಗೂ ಮಿಕ್ಕಿ ಬಲ್ಬುಗಳು ಮನೆಮನೆಗೆ ಹೋದುವು. ಕೆಲವೆಡೆ 10 ರೂಪಾಯಿ ಮುಂಗಡ ಕೊಟ್ಟು, ಉಳಿದುದನ್ನು ವಿದ್ಯುತ್ ಬಿಲ್ಲಿನಲ್ಲಿ ಕಂತಾಗಿ ತೀರಿಸುವ ಅನುಕೂಲವೂ ಇತ್ತು. ಒಬ್ಬನೇ ಹೋಗಿ ಕೇಳಿದರೆ ಇಳಿಯದ ಬೆಲೆ, ಎಲ್ಲರೂ ಕೂಡಿ ಕೇಳಿದಾಗ ಇಳಿಯಿತು.

ಒಂದು ಮಾತನ್ನು ಮುಚ್ಚಿಡಬಾರದು. ಬಲ್ಬು ಬದಲಿಸಿದೊಡನೆ ಬಿಲ್ಲು ಅರ್ಧವಾಗುತ್ತದೆಂದು ಭ್ರಮಿಸಬೇಡಿ. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ಟು. ಅದರ ಅರ್ಧಕ್ಕಿಂತ ಕಡಿಮೆ ತಿನ್ನುವ ಬಿ.ಎಲ್.ಡಿ.ಸಿ. ಫ್ಯಾನುಗಳು ಬಂದಿವೆ, ಬೆಲೆ ಹೆಚ್ಚು. ಅದನ್ನು ಇನ್ನೊಂದು ಕೂಟದಲ್ಲಿ ಮಾತನಾಡೋಣ. ಕೈಗೆ ಎಟಕುವುದು ಮೊದಲು ಬಲ್ಬು.

ಕೊನೆಯದಾಗಿ ಒಂದು ವಿಜ್ಞಾಪನೆ. ಬೇಕಾದವರು ಹೆಸರು ಬರೆಸಿದರೆ, ನಾವು ಹತ್ತಿಪ್ಪತ್ತು ಮಂದಿ ಕೂಡಿ, ಬಿಲ್ಲು ಕೊಡುವ ಅಂಗಡಿಯಿಂದ ಒಟ್ಟಿಗೆ ಬಲ್ಬು ಕೊಳ್ಳಬಹುದು. ಬಿಲ್ಲುಗಳನ್ನು ನಮ್ಮ ಕಪಾಟಿನ ಒಂದು ಫೈಲಿನಲ್ಲಿ ನಾನೇ ಇಡುತ್ತೇನೆ. ಗ್ಯಾರಂಟಿಯೊಳಗೆ ಕೆಟ್ಟುದನ್ನು ಭಾನುವಾರ ತಂದುಕೊಟ್ಟರೆ ಅಂಗಡಿಗೆ ಒಯ್ದು ಬದಲಿಸಿ ತರುವ ಹೊಣೆಯೂ ನನ್ನದು. ಸಂಘಕ್ಕೆ ನನ್ನಿಂದಾದ 240 ರೂಪಾಯಿ ನಷ್ಟವನ್ನು ಇಂದು ಖಜಾಂಚಿಯವರ ಕೈಗೆ ಕೊಟ್ಟು ರಸೀದಿ ಪಡೆದಿದ್ದೇನೆ. ವೈರಿಂಗನ್ನು ಸರಿಪಡಿಸಲಾಗಿದೆ. ಧಾರವಾಡದ ಅಜ್ಜನವರು ಅಲ್ಲಿ ಕುಳಿತಿದ್ದಾರೆ. ಅಕ್ಷರ ಈಗ ನಡುಗುವುದಿಲ್ಲವೆಂದು ನಿನ್ನೆ ಅವರೇ ಹೇಳಿದರು. ಕನ್ನಡಕದ ಮಾತಿಗಾಗಿ ತಮ್ಮೆಲ್ಲರ ಎದುರಿಗೆ ಅವರ ಕ್ಷಮೆ ಕೇಳುತ್ತೇನೆ.